ಎಡಗೈಯ ಬೆಂಕಿ

ಇನಾಸನ ಬಲಗೈ ಕೆಟ್ಟು ವರ್ಷವಾಗುತ್ತ ಬಂದಿದ್ದರೂ ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಸ್ವತಃ ಇನಾಸ, ಇನ್ನೊಬ್ಬಳು ದಿನಾ ಬೆಳಿಗ್ಗೆ ಬಾಗಿಲು ಮುಂದೆ ಮಾಡಿ ಅವನ ಅಂಗಿಯ ಗುಂಡಿ ಹಾಕುವ ಹೆಂಡತಿ ರುಕ್ಮಾ. ಹಳಿಯಾಳದ ಡಾಕ್ಟರನ್ನೂ ಸೇರಿಸಿದರೆ ಮೂವರಾದಾರು. ಆದರೆ ಆ ಪುಣ್ಯಾತ್ಮ ದಿನಕ್ಕೆ ಎಷ್ಟು ಕೈ ಎಷ್ಟು ಕಾಲು ನೋಡುತ್ತಾನೋ, ಕುತ್ತಿಗೆಯಲ್ಲಿ ನರ ಒತ್ತಿದೆ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದವನೇ ಮುಂದಿನವರನ್ನು ಒಳಗೆ ಕರೆದಿದ್ದ. ಇನಾಸ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಲಿಲ್ಲ. ಹೋದರೆ ಸುದ್ದಿಯಾಗುತ್ತದೆ, ಸುದ್ದಿಯಾದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅವನಿಗೆ.

ಕೈ ಪೂರ್ತಿ ಸತ್ತಿರಲಿಲ್ಲ. ಭುಜ ಏಳುತ್ತಿತ್ತು, ಮೊಣಕೈ ಮಡಿಸುತ್ತಿತ್ತು, ಹೆಗಲಿಗೆ ಚೀಲ ಏರಿಸಬಹುದಿತ್ತು. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಹಿಡಿದ ಕಪ್ಪು ಜಾರಿ ಬಿದ್ದ ಮೇಲೆಯೇ ಜಾರಿತು ಎಂದು ತಿಳಿಯುವುದು. ಹೊರಗಿನವರ ಕಣ್ಣಿಗೆ ಇದು ಬೀಳಲಿಲ್ಲ. ಇನಾಸ ಬೀಳಗೊಡಲಿಲ್ಲ ಎನ್ನಿ, ಆ ವಿಷಯದಲ್ಲಿ ಅವನು ಮಹಾ ಕಿಲಾಡಿ.

ಅವನ ಕೆಲಸ ರುದ್ರೇಶನ ಕ್ಯಾಂಪಿನಲ್ಲಿ. ಜೊಯಿಡಾದ ಕಾಡಿನಂಚಿಗೆ, ಇನಾಸನ ವಾಡೆಯಿಂದ, ಅಂದರೆ ಸಿದ್ದಿ ಜನರ ಕೇರಿಯಿಂದ, ಒಂದೇ ಗುಡ್ಡ ಆಚೆಗೆ, ಆ ಕ್ಯಾಂಪು. ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಯಿಂದ ಬಂದ ಮಂದಿಯನ್ನು ಕಾಡಿನೊಳಗೆ ನಡೆಸಿಕೊಂಡು ಹೋಗಿ, ಹಳ್ಳದ ದಂಡೆಯಲ್ಲಿ ಬೆಂಕಿ ಹಚ್ಚಿ ಚಹಾ ಕಾಸಿಕೊಟ್ಟು, ಸಂಜೆಯೊಳಗೆ ತಿರುಗಿ ತಂದು ಬಿಡಬೇಕು. ಎಂಥ ಮಳೆಯಲ್ಲೂ ಬೆಂಕಿ ತರುವ ಕಾಕಾ ಎಂದು ಅವನ ಹೆಸರು. ಕೈ ಕೆಟ್ಟ ಮೇಲೆ ಆ ಹೆಸರನ್ನು ಉಳಿಸಿಕೊಳ್ಳಲು ಅವನು ಒಂದು ಉಪಾಯ ಹೂಡಿದ್ದ. ಕಟ್ಟಿಗೆ ಜೋಡಿಸಿ, ಕಡ್ಡಿಪೆಟ್ಟಿಗೆಯನ್ನು ಬಂದವರ ಕೈಗೆ ಕೊಟ್ಟು, ನೀವೇ ಹಚ್ಚಿ ನೋಡ್ರಿ, ಕಲೀರಿ ಎನ್ನುತ್ತಿದ್ದ. ಪೇಟೆಯ ಮಂದಿಗೆ ಅಷ್ಟು ಸಾಕಿತ್ತು. ಹತ್ತು ಕಡ್ಡಿ ಗೀರಿ ಬೆಂಕಿ ಹತ್ತಿಸಿ, ಜೀವನದಲ್ಲಿ ಏನೋ ಸಾಧಿಸಿದವರ ಹಾಗೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕಾಕಾ ಎಷ್ಟು ಚೆಂದ ಕಲಿಸ್ತಾರ ಎಂದು ರುದ್ರೇಶನಿಗೂ ಹೇಳುತ್ತಿದ್ದರು.

ಎಡಗೈ ಗಟ್ಟಿಯಾಗಿಯೇ ಇತ್ತಲ್ಲ, ಅದರಿಂದ ಹಚ್ಚಬಹುದಿತ್ತಲ್ಲ ಎಂದು ಕೇಳುವವರಿಗೆ ಇನಾಸನ ಮನೆಯ ರೀತಿ ಗೊತ್ತಿಲ್ಲ. ಆ ಮನೆಯಲ್ಲಿ ಎಡಗೈಯಿಂದ ಬೆಂಕಿ ಹಚ್ಚುವುದು ಒಂದೇ ಒಂದು ಹೊತ್ತಿಗೆ. ಸತ್ತವರ ತಲೆಯ ಕಡೆ ಇಡುವ ದೀಪವನ್ನು ಮನೆಯ ಹಿರಿಯ ಎಡಗೈಯಿಂದ ಹಚ್ಚಬೇಕು. ಅವನ ಅವ್ವ ಹಾಗೆ ಕಲಿಸಿದ್ದಳು. ಅಪ್ಪ ಸತ್ತಾಗ ಹಚ್ಚಿದ್ದ, ಅವ್ವ ಸತ್ತಾಗಲೂ ಹಚ್ಚಿದ್ದ. ಬದುಕಿರುವವರ ಒಲೆಗೆ, ಹಿರಿಯರ ಮೂಲೆಯ ದೀಪಕ್ಕೆ ಆ ಕೈ ಹೋಗಕೂಡದು. ಹೀಗಾಗಿ ವರ್ಷದಿಂದ ಹಿರಿಯರ ದೀಪವನ್ನೂ ರುಕ್ಮಾಳೇ ಹಚ್ಚುತ್ತಿದ್ದಳು, ಅದೂ ಬಾಗಿಲು ಮುಂದೆ ಮಾಡಿಯೇ.

ದಸರಾ ಕಳೆದು ಹಂಗಾಮು ಶುರುವಾಗುವ ಹೊತ್ತಿಗೆ ರುದ್ರೇಶನ ತಲೆಯಲ್ಲಿ ಹೊಸದೊಂದು ಹುಳ ಹೊಕ್ಕಿತು. ರುದ್ರೇಶ ಹಳಿಯಾಳದ ಕಿರಾಣಿ ವ್ಯಾಪಾರದ ಮನೆತನದವನು, ಮೂವತ್ತು ದಾಟಿದವನು, ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕದವನು. ತಕ್ಕಡಿಯ ಮುಂದೆ ಕೂರಲಾರದೆ ಕಾಡಿಗೆ ಬಂದಿದ್ದನಾದರೂ ವ್ಯಾಪಾರಿಯ ಬುದ್ಧಿ ಎಲ್ಲಿ ಹೋಗುತ್ತದೆ, ಯಾವುದನ್ನೂ ಒರೆಗೆ ಹಚ್ಚದೆ ಕೊಳ್ಳುವವನಲ್ಲ. ಹಿಂದಿನ ವರ್ಷ ಎಲ್ಲೋ ದೂರದ ಕಾಡಿನಲ್ಲಿ ಹುಡುಗರ ಒಂದು ಗುಂಪು ದಾರಿ ತಪ್ಪಿ, ಲೈಟರು ತೊಯ್ದು ಬೆಂಕಿಯಿಲ್ಲದೆ ಇಡೀ ರಾತ್ರಿ ನಡುಗಿದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ನಮ್ಮ ಪ್ರತಿ ಚೀಲದಲ್ಲೂ ಆಪತ್ತಿಗೆ ಒದಗುವ ಒಂದು ಡಬ್ಬಿ ಇರಬೇಕು, ಅದರಲ್ಲಿ ನಂಬಬಹುದಾದ ಬೆಂಕಿಯ ಸಾಮಾನು ಇರಬೇಕು ಎಂದು ತೀರ್ಮಾನಿಸಿ ಎಲ್ಲೆಲ್ಲಿಂದಲೋ ತರಿಸಿದ.

ಕ್ಯಾಂಪಿನ ಅಂಗಳದಲ್ಲಿ ಮೇಜು ಹಾಕಿ ಎಲ್ಲ ಹರವಿದರು. ಪಕ್ಕದಲ್ಲಿ ಒಂದು ಬಕೆಟ್ ನೀರು. ಸಾದಾ ಕಡ್ಡಿಪೆಟ್ಟಿಗೆ ಒಂದು ಮುಳುಗಿಗೇ ಅನ್ನದ ಹಾಗೆ ಮೆತ್ತಗಾಯಿತು. ಲೈಟರಿನ ಗಾಲಿ ತೊಯ್ದ ಮೇಲೆ ಎಷ್ಟು ತಿರುವಿದರೂ ಮುನಿಸಿಕೊಂಡು ಕೂತಿತು, ಬಿಸಿಲಿಗೆ ಇಟ್ಟು ಒರೆಸಿ ಊದಿದ ಮೇಲೆ ಮತ್ತೆ ಹತ್ತಿತು. ನೀರಿಗೆ ಜಗ್ಗದ ಕಡ್ಡಿಗಳೆಂದು ಬಂದವು ಚೆನ್ನಾಗಿ ಉರಿದವು, ಆದರೆ ಡಬ್ಬಿಯಲ್ಲಿದ್ದವೇ ನಾಲ್ಕು. ಕೊನೆಗೆ ಬಂದದ್ದು ಬೆರಳಷ್ಟು ಉದ್ದದ ಒಂದು ಕಪ್ಪು ಕೋಲು. ಇನಾಸನ ಅಜ್ಜನ ಕಾಲದಲ್ಲಿ ಚಕಮಕಿ ಕಲ್ಲು ಇತ್ತು, ಇದು ಅದರ ಮರಿಮಗ. ಒಂದು ಕೈಯಲ್ಲಿ ಕೋಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗರಗಸದ ತುಂಡು ಹಿಡಿದು ಜೋರಾಗಿ ಕೆರೆದರೆ ಬಿಳಿ ಕಿಡಿ ಉದುರುತ್ತದೆ. ರುದ್ರೇಶನೇ ಬಕೆಟ್ಟಿನಿಂದ ತೆಗೆದು ಹಾಗೆಯೇ ಕೆರೆದರೂ ಉದುರಿತು. ರುದ್ರೇಶ ಪೇಟೆಯಲ್ಲಿ ಹೊಸ ಎತ್ತು ಕಂಡವನ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಕೆವಿನ್ ಎಂಬ ಇನ್ನೊಬ್ಬ ಗೈಡು ಇನಾಸನ ವಾಡೆಯವನೇ, ದೂರದ ಸಂಬಂಧಿ. ಅವನು ಚಕಮಕಿಯ ಜೊತೆಗೆ ಲೈಟರೂ ಇರಲಿ ಎಂದ. ಎಲ್ಲರ ಕೈಗೂ ಇದು ಒಗ್ಗುವುದಿಲ್ಲ, ಕೈಗೆ ಪೆಟ್ಟಾದವನು ಏನು ಮಾಡಬೇಕು ಎಂದು ಕೇಳಿದ. ಕೇಳುವಾಗ ಅವನ ಕಣ್ಣು ಇನಾಸನ ಕಡೆ ಹೊರಳಿತೋ ಇಲ್ಲವೋ ದೇವರೇ ಬಲ್ಲ. ಹೊರಳಿತು ಎಂದು ಇನಾಸನಿಗೆ ಅನ್ನಿಸಿತು. ಇವನಿಗೆ ವಾಸನೆ ಹತ್ತಿದೆ, ಈಗ ರುದ್ರೇಶ ಸಾಹುಕಾರರ ಮುಂದೆ ಹೊಡೆದು ತೋರಿಸು ಅಂದುಬಿಟ್ಟರೆ ಎಂದು ಅವನ ನಾಲಿಗೆ ತಲೆಗಿಂತ ಮುಂದೆ ಓಡಿತು. ಲೈಟರು ಮಂದಿಯನ್ನು ಸೋಮಾರಿ ಮಾಡುತ್ತದೆ, ಗ್ಯಾಸು ಯಾವಾಗ ಸೋರಿತು ಅಂತಲೂ ತಿಳಿಯುವುದಿಲ್ಲ, ಬಕೆಟ್ಟಿನಿಂದ ತೆಗೆದು ಹೊಡೆದರೂ ಹತ್ತುತ್ತದೆ, ಕಾಡಿಗೆ ಹೋಗುವವನಿಗೆ ಚಕಮಕಿಯೊಂದೇ ಸಾಕು, ಅದನ್ನು ಹೊಡೆಯಲು ಬಾರದವನು ಮನೆಯಲ್ಲಿರಲಿ ಎಂದುಬಿಟ್ಟ. ಕಡೆಯ ಮಾತನ್ನು ತುಸು ಗತ್ತಿನಿಂದಲೇ ಅಂದ. ಕಾಕಾ ಅಂದ ಮೇಲೆ ಮುಗಿಯಿತು ಎಂದ ರುದ್ರೇಶ. ಲೈಟರುಗಳೆಲ್ಲ ಅಡುಗೆಮನೆಗೆ ಹೋದವು. ಪ್ರತಿ ಡಬ್ಬಿಗೆ ಒಂದು ಚಕಮಕಿ, ಒಂದು ಗರಗಸದ ತುಂಡು, ವ್ಯಾಸ್ಲಿನ್ ಹಚ್ಚಿದ ಒಂದು ಹಿಡಿ ಹತ್ತಿ ಬಿತ್ತು.

ಅವತ್ತು ರಾತ್ರಿ ರುಕ್ಮಾ ಇದನ್ನು ಕೇಳಿ ತಟ್ಟೆಗೆ ಅನ್ನ ಬಡಿಸುವ ಕೈಯನ್ನು ಹಾಗೇ ನಿಲ್ಲಿಸಿದಳು. ಗಂಡನ ಮುಖ ನೋಡಿದಳು. ಬೈದಿದ್ದರೆ ಇನಾಸನಿಗೆ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ.

ವಾರ ಕಳೆದು ರುದ್ರೇಶ ಹೊಸ ದಾರಿಯೊಂದನ್ನು ನೋಡಿ ಬರೋಣ ಎಂದು ಇನಾಸನೊಬ್ಬನನ್ನೇ ಕರೆದುಕೊಂಡು ಹೊರಟ. ಎರಡು ಹಳ್ಳ ದಾಟಿದರೆ ಒಂದು ದೊಡ್ಡ ಬಂಡೆ ಸಿಗುತ್ತದೆ, ಕೆಳಗೆ ಗುಹೆಯಂಥ ಜಾಗ, ತುಂಬ ಬಾವಲಿ. ಮಂದಿಗೆ ತೋರಿಸಲು ಹೇಳಿ ಮಾಡಿಸಿದಂಥದ್ದು. ಕೆವಿನ್ ಗೋವಾ ದಾರಿಯ ರಾಮನಗರಕ್ಕೆ ಸಾಮಾನು ತರಲು ಹೋಗುವವನಿದ್ದ. ಕತ್ತಲಾಗುವುದರೊಳಗೆ ಬಾರದಿದ್ದರೆ ಹುಡುಕಿಕೊಂಡು ಬಾ ಎಂದು ರುದ್ರೇಶ ನಗುತ್ತ ಹೇಳಿದ. ಮಳೆಗಾಲ ಮುಗಿದಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು, ಹೆದರುವ ಮಾತೇ ಇರಲಿಲ್ಲ.

ಮಧ್ಯಾಹ್ನಕ್ಕೆ ಸಮುದ್ರದ ಕಡೆಯಿಂದ ಮೋಡ ಎದ್ದಿತು. ಬಂಡೆ ನೋಡಿ ತಿರುಗುವ ಹೊತ್ತಿಗೆ ಮಳೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಬಂಡೆಗೆ ಹತ್ತಿರದ ಹಳ್ಳ ದಾಟುವಾಗ ರುದ್ರೇಶ ಪಾಚಿಗಲ್ಲಿನ ಮೇಲೆ ಕಾಲಿಟ್ಟ. ಕಾಲು ಎರಡು ಕಲ್ಲಿನ ನಡುವೆ ಸಿಕ್ಕಿತು, ಮೈ ಇನ್ನೊಂದು ಕಡೆಗೆ ಬಿತ್ತು. ಮುರಿದ ಸದ್ದು ಆ ನೀರಿನ ಗದ್ದಲದಲ್ಲೂ ಇನಾಸನಿಗೆ ಕೇಳಿತು. ಅವನ ಚೀಲ ನೀರುಪಾಲಾಯಿತು, ಅದರಲ್ಲಿದ್ದ ಫೋನೂ ಹೋಯಿತು. ಇನಾಸನ ಫೋನಿಗೆ ಆ ಕಾಡಿನಲ್ಲಿ ಯಾವತ್ತೂ ಸಿಗ್ನಲ್ ಸಿಕ್ಕಿದ್ದಿಲ್ಲ. ಎಡಗೈ ಸಾಹುಕಾರನ ಕಂಕುಳಿಗೆ ಕೊಟ್ಟು, ಹೆಗಲು ಕೊಟ್ಟು, ಎಳೆದು ಹೊತ್ತು, ಹೇಗೋ ಬಂಡೆಯ ಕೆಳಗೆ ತಂದು ಹಾಕಿದ. ತಿರುಗಿ ನೋಡಿದರೆ ಹಳ್ಳ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಕ್ಯಾಂಪು ಆಚೆ ದಂಡೆಗಾಯಿತು, ಇವರು ಈಚೆ ದಂಡೆಗಾದರು.

ತೊಯ್ದ ಅಂಗಿ ಬಿಚ್ಚಿಸಿ ತನ್ನ ಚೀಲದಲ್ಲಿದ್ದ ಒಣ ಟವಲ್ಲು ಹೊದಿಸಿದ. ರುದ್ರೇಶನ ಹಲ್ಲು ಕಟಕಟ ಅನ್ನುತ್ತಿತ್ತು. ನಡುಗುವ ತನಕ ಹೆದರಿಕೆಯಿಲ್ಲ, ನಡುಕ ನಿಂತು ಮಾತು ತೊದಲಲು ಶುರುವಾದರೆ ಮನುಷ್ಯ ಕೈ ಬಿಟ್ಟು ಹೋಗುತ್ತಾನೆ ಎಂದು ಇನಾಸನೇ ಬಂದವರಿಗೆಲ್ಲ ಹೇಳಿಕೊಡುತ್ತಿದ್ದ. ಬೆಂಕಿ ಹಚ್ಚಿರಿ ಕಾಕಾ ಎಂದ ರುದ್ರೇಶ. ಆ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬಂಡೆಯ ಒಳಮೂಲೆಯಲ್ಲಿ ಒಣ ಕಟ್ಟಿಗೆ ಇತ್ತು. ಹತ್ತಿರವಿದ್ದ ತಾಳೆ ಜಾತಿಯ ಬೈನೆ ಮರದ, ಮಳೆ ತಾಗದ ಎಲೆಯ ಬುಡದಿಂದ ಹತ್ತಿಯಂಥ ಕಂದು ಅರಳೆ ಕೆತ್ತಿ ತಂದ, ಅದು ಒಣಗಿದ್ದರೆ ಕಿಡಿ ತಾಗಿದೊಡನೆ ಹಿಡಿಯುತ್ತದೆ. ಸಣ್ಣ ಕಡ್ಡಿ ಕೆಳಗೆ, ದಪ್ಪದ್ದು ಮೇಲೆ, ನಡುವೆ ಗಾಳಿಗೆ ಕಿಂಡಿ. ಒಲೆ ಹೂಡಲು ಜಗತ್ತಿನಲ್ಲಿ ಇಷ್ಟು ಹೊತ್ತು ಯಾರೂ ತೆಗೆದುಕೊಂಡಿರಲಿಕ್ಕಿಲ್ಲ. ಇಟ್ಟ ಕಡ್ಡಿಯನ್ನೇ ತೆಗೆದು ಮತ್ತೆ ಇಟ್ಟ. ಡಬ್ಬಿ ತೆರೆಯುವುದನ್ನು ಮುಂದೆ ಮುಂದೆ ಹಾಕುತ್ತಿದ್ದ ಅಷ್ಟೆ.

ಕೊನೆಗೆ ರುದ್ರೇಶನಿಗೆ ಬೆನ್ನು ಮಾಡಿ ಕೂತ. ಚಕಮಕಿಯನ್ನು ಬಲಗೈಗೆ ಕೊಟ್ಟ, ಅದು ಬಿತ್ತು. ಮೊಣಕಾಲ ನಡುವೆ ಸಿಕ್ಕಿಸಿ ಗರಗಸದ ತುಂಡನ್ನು ಬಲ ಮುಷ್ಟಿಗೆ ತುರುಕಿ ಕೆರೆದ, ತುಂಡೇ ಜಾರಿ ತೊಡೆಗೆ ಗೀರಿತು. ಚಕಮಕಿಯನ್ನು ಹಲ್ಲಲ್ಲಿ ಕಚ್ಚಿದ. ಅಂಗೈಗೆ ವಸ್ತ್ರ ಸುತ್ತಿ ತುಂಡನ್ನು ಬಿಗಿದು ಕಟ್ಟಿದ, ಕಟ್ಟಿದ್ದು ಸಡಿಲಾಯಿತು. ಬಂದರೆ ಒಂದೊಂದು ಬಡ ಕಿಡಿ ಬಂತು, ಹತ್ತಿಯ ತನಕ ಹೋಗದೆ ಸತ್ತಿತು. ಎಡಗೈ ಅವನ ಪಕ್ಕದಲ್ಲೇ ಗಟ್ಟಿಯಾಗಿ ಕೂತಿತ್ತು. ಅತ್ತ ನೋಡಲೂ ಅವನಿಗೆ ಭಯ. ಬೆನ್ನ ಹಿಂದೆ ಒಬ್ಬ ಮನುಷ್ಯ ಚಳಿಗೆ ಬಿಳಿಚಿ ಅಂಗಾತ ಮಲಗಿದ್ದಾನೆ, ಅವನ ತಲೆಯ ಕಡೆಗೇ ಒಲೆ ಹೂಡಿ ಆಗಿದೆ. ಇಲ್ಲಿ ಎಡಗೈ ಎತ್ತಿದರೆ ಅದಕ್ಕೆ ಬೇರೆ ಅರ್ಥವೇ ಇಲ್ಲ ಎಂದು ಅವನ ಜೀವ ಕೂಗುತ್ತಿತ್ತು.

ಯಾಕೆ ತಡ ಎಂದು ರುದ್ರೇಶ ಕೇಳಿದ. ಚಕಮಕಿ ತೊಯ್ದೈತಿ, ಆರಲಿ ಎಂದ ಇನಾಸ.

ಆಮೇಲೆ ರುದ್ರೇಶ ಒಂದೊಂದೇ ಮಾತು ಹೆಕ್ಕಿ ಆಡಿದ.

"ಬಕೆಟ್ಟಿನಾಗಿಂದ ತಗದು ಹೊಡದ್ರೂ ಹತ್ತತೈತಿ ಅಂತ ನೀವ ಹೇಳಿದ್ರಲ್ಲ, ಕಾಕಾ."

ಇನಾಸ ತಿರುಗಿ ಕೂತ. ಅಂಗೈಗೆ ಸುತ್ತಿದ ವಸ್ತ್ರ ಅರ್ಧ ಬಿಚ್ಚಿ ಜೋತಾಡುತ್ತಿತ್ತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ನನ್ನ ಬಲಗೈಯಾಗ ಏನೂ ನಿಲ್ಲೂದಿಲ್ರಿ ಸಾವಕಾರ್ರ. ವರ್ಷಾತು. ನಿಮಗ ಹೇಳಿದ್ರ ಕೆಲಸದಿಂದ ತಗೀತೀರಿ ಅಂತ ಹೇಳಲಿಲ್ಲ."

ರುದ್ರೇಶ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವಷ್ಟು ಕಸುವೂ ಅವನಲ್ಲಿ ಇರಲಿಲ್ಲ. ಇಲ್ಲಿ ಕೊಡಿ ಎಂದು ತಾನೇ ಇಸಿದುಕೊಂಡ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಗರಗಸದ ತುಂಡು ಚಕಮಕಿಗೆ ತಾಗುವ ಬದಲು ಹತ್ತಿಯ ಡಬ್ಬಿಗೆ ಬಡಿಯಿತು. ಡಬ್ಬಿ ಉರುಳಿ ಹತ್ತಿಯೆಲ್ಲ ಬಂಡೆಯಂಚಿನ ನೀರಿಗೆ ಬಿದ್ದು ಕೆಸರಾಯಿತು. ಇನ್ನು ಉಳಿದದ್ದು ಬೈನೆಯ ಅರಳೆಯೊಂದೇ. ಕೆವಿನ್ ಕೇಳಿದ ಪ್ರಶ್ನೆ ಆಗ ಇನಾಸನ ತಲೆಗೆ ಬಡಿಯಿತು. ಒಂದು ಲೈಟರು ಇದ್ದಿದ್ದರೆ ಇಷ್ಟು ಹೊತ್ತಿಗೆ ಯಾವ ಕೈಯಿಂದಲಾದರೂ ಯಾರಾದರೂ ಹಚ್ಚಿರುತ್ತಿದ್ದರು. ಬೇಡ ಎಂದವನು ತಾನು. ತನ್ನ ಒಂದು ಗತ್ತಿನ ಮಾತು ಈ ಮನುಷ್ಯನ ಜೀವದ ಮೇಲೆ ಬಂದು ಕೂತಿದೆ ಎಂದು ಅವನಿಗೆ ಅಳು ಬಂತು. ಅತ್ತ ಕೂಡ.

ನಿಮ್ಮ ಎಡಗೈಗೆ ಏನಾಗಿದೆ ಎಂದು ಕೇಳಿದ ರುದ್ರೇಶ. ಇನಾಸ ಹೇಳಬಾರದೆಂದುಕೊಂಡೇ ಹೇಳಿದ. ಸತ್ತವರ ದೀಪದ ವಿಷಯ, ಅವ್ವ ಕಲಿಸಿದ್ದು, ಅಪ್ಪನಿಗೆ ಹಚ್ಚಿದ್ದು. ನಿಮ್ಮ ತಲೆಯ ಕಡೆ ಕೂತು ಆ ಕೈ ಎತ್ತಲಾರೆ ಎಂದ. ರುದ್ರೇಶ ಕಣ್ಣು ಮುಚ್ಚಿದ. ಹೋದನೇ ಎಂದು ಇನಾಸ ಹತ್ತಿರ ಬಗ್ಗಿದ. ಹೋಗಿರಲಿಲ್ಲ. ಕೊರಳಲ್ಲಿ ಕಟ್ಟಿದ್ದ ಲಿಂಗದ ವಸ್ತ್ರವನ್ನು ತಡಕಾಡುತ್ತಿದ್ದ. ಗಂಟು ಬಿಚ್ಚಲು ಬೆರಳು ಒಪ್ಪದೆ ಅದನ್ನು ಹಾಗೆಯೇ ಎಡ ಅಂಗೈಯಲ್ಲಿ ಇಟ್ಟುಕೊಂಡ.

"ನಾವು ಲಿಂಗಾ ಇಟ್ಕೊಳ್ಳೂದು ಈ ಕೈಯಾಗ, ಕಾಕಾ. ದಿನಾ ಮುಂಜಾನೆ. ನನಗ ಹಚ್ಚೂ ಬೆಂಕಿ ಎಡಗೈಲೇ ಹಚ್ಚರಿ. ನನಗೇನೂ ಆಗೂದಿಲ್ಲ."

ಕಡೆಯ ಮಾತು ತೊದಲಿತು. ಅದನ್ನು ಕೇಳಿದ್ದೇ ಇನಾಸ ಹಿರಿಯರ ಹೆಸರು ಹಿಡಿದು ಮನಸ್ಸಿನಲ್ಲೇ ತಪ್ಪಾಯಿತೆಂದು ಬೇಡಿಕೊಂಡ. ಚಕಮಕಿಯ ತುದಿಯನ್ನು ಅರಳೆಯ ನಡುವೆ ಕಲ್ಲಿಗೆ ಊರಿ, ಸಾವಕಾರ್ರ, ಎರಡೂ ಕೈಲೆ ಒತ್ತಿ ಹಿಡೀರಿ, ಬಿಡಬ್ಯಾಡ್ರಿ ಎಂದ. ರುದ್ರೇಶ ಮಗ್ಗುಲಾಗಿ ಹೊರಳಿ ನೋವಿಗೆ ಒರಲಿದ. ಆದರೂ ಹಿಡಿದ. ಇನಾಸ ತುಂಡನ್ನು ಎಡಗೈಗೆ ತೆಗೆದುಕೊಂಡು ಕೆರೆದ. ಆ ಕೈಗೆ ಈ ಕೆಲಸ ಹೊಸದು, ಕಿಡಿ ಎಲ್ಲೆಲ್ಲೋ ಹಾರಿತು. ಒಮ್ಮೆ ರುದ್ರೇಶನ ಬೆರಳಿಗೇ ಕೆರೆದು ರಕ್ತ ಬಂತು, ಅವನಿಗೆ ಅದು ತಿಳಿಯಲೂ ಇಲ್ಲ. ಹಿಡಿದ ಕೋಲು ವಾಲುವುದು, ಮತ್ತೆ ಊರುವುದು. ಒಬ್ಬನ ಕೈಗೆ ಬಲವಿಲ್ಲ, ಇನ್ನೊಬ್ಬನ ಕೈಗೆ ರೂಢಿಯಿಲ್ಲ. ಎಷ್ಟು ಕೆರೆದನೋ, ಬೆಳಕು ಮಬ್ಬಾಗುತ್ತಿರುವಾಗ ಅರಳೆಯ ಒಂದು ಎಳೆ ಕೆಂಪಗಾಯಿತು. ಇನಾಸ ನೆಲಕ್ಕೆ ಗಲ್ಲ ಹಚ್ಚಿ ಮಲಗಿ, ಉಸಿರನ್ನೂ ಅಳೆದು ಊದಿದ. ಸಣ್ಣ ಕಡ್ಡಿ ಚಟ್ ಅಂದಿತು. ಆಮೇಲೆ ಉರಿ ಎದ್ದಿತು.

ಬೆಳಗಾಗುವ ತನಕ ಕಟ್ಟಿಗೆ ಮುಗಿಯದಂತೆ ನೋಡಿಕೊಂಡ. ರುದ್ರೇಶನ ನಡುಕ ಮತ್ತೆ ಬಂತು, ಆಮೇಲೆ ಇಳಿಯಿತು, ನಿದ್ದೆ ಹತ್ತಿತು. ಮಳೆ ಕಡಿಮೆಯಾಗಿ ಹಳ್ಳ ಇಳಿದಾಗ ಕೆವಿನ್ ವಾಡೆಯ ಮಂದಿಯನ್ನು ಕಟ್ಟಿಕೊಂಡು ಹಗ್ಗ ಹಿಡಿದು ಬಂದ. ಕಂಬಳಿಗೆ ಬಿದಿರು ಕಟ್ಟಿ ಸಾಹುಕಾರನನ್ನು ಹೊತ್ತು ಸಾಗಿಸಿದರು. ದಾಂಡೇಲಿಯಲ್ಲಿ ಕಾಲಿಗೆ ಪ್ಲಾಸ್ಟರ್ ಬಿತ್ತು.

ಇಲ್ಲಿಗೆ ಇನಾಸನ ಕೆಲಸವೂ ಮುಗಿಯಿತು ಎಂದು ಯಾರಾದರೂ ತಿಳಿದಾರು. ಇನಾಸನೂ ಹಾಗೇ ತಿಳಿದು, ಕರೆ ಬರುತ್ತದೆ, ಲೆಕ್ಕ ಮುಗಿಸುತ್ತಾರೆ ಎಂದು ಮನೆಯಲ್ಲೇ ಕೂತ. ಬಂದದ್ದು ಬೇರೆ. ನೋಡಲು ಬಂದವರಿಗೆಲ್ಲ ರುದ್ರೇಶ ಹಾಸಿಗೆಯಿಂದಲೇ ಕಥೆ ಹೇಳುತ್ತಿದ್ದನಂತೆ. ಆ ಸುರಿಯುವ ಮಳೆಯಲ್ಲಿ ಕಾಕಾ ಒಂದೇ ಏಟಿಗೆ ಬೆಂಕಿ ತಂದರು, ಅವರಿಲ್ಲದಿದ್ದರೆ ನಾನಿಲ್ಲ ಎಂದು. ಕೈಯ ವಿಷಯ ಒಂದು ಅಕ್ಷರ ಬಾಯಿಬಿಟ್ಟಿರಲಿಲ್ಲ. ಹಳಿಯಾಳದ ಪೇಟೆಯಲ್ಲಿ ಆ ಕಥೆಗೆ ಉಪ್ಪು ಖಾರ ಹತ್ತಿತು, ಮೊಬೈಲಿನಲ್ಲೂ ಓಡಾಡಿತು. ಪ್ಲಾಸ್ಟರಿನ ಕಾಲಲ್ಲೇ ಕ್ಯಾಂಪಿಗೆ ಬಂದ ದಿನ ಇನಾಸನನ್ನು ಕರೆದು, ಆ ಮಾತು ನನ್ನ ಹೊಟ್ಟೆಯಲ್ಲೇ ಇರುತ್ತದೆ, ನೀವು ಮೊದಲಿನ ಹಾಗೆ ಬನ್ನಿ ಎಂದ. ಜೀವ ಉಳಿಸಿದವನ ಋಣ ತೀರಿಸುವ ಆಸೆ ಅವನ ಮುಖದ ಮೇಲೆ ಬರೆದಿಟ್ಟಂತಿತ್ತು. ಇನಾಸನಿಗೆ ಕಣ್ಣು ತುಂಬಿತು. ಕೈಮುಗಿದು ಮನೆಗೆ ಬಂದ.

ಸುಖ ಎರಡು ದಿನವೂ ನಿಲ್ಲಲಿಲ್ಲ. ಮುಂಡಗೋಡದ ಕಡೆಯಿಂದ ಮೂರು ಸಂಸಾರ ಬರುವುದು ಗೊತ್ತಾಯಿತು, ಸಣ್ಣ ಮಕ್ಕಳೂ ಇದ್ದವು. ಕಥೆ ಕೇಳಿಯೇ ಬರುವವರು, ಬೆಂಕಿಯ ಕಾಕಾನೇ ಕರೆದೊಯ್ಯಬೇಕು, ಆ ಬಾವಲಿ ಬಂಡೆಯನ್ನೇ ತೋರಿಸಬೇಕು ಎಂದು ಹಟ ಹಿಡಿದಿದ್ದರು. ರುದ್ರೇಶ ಒಪ್ಪಿಬಿಟ್ಟಿದ್ದ. ಹಿಂದಿನ ಸಂಜೆ ಇನಾಸ ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಾಗ ರುಕ್ಮಾ ಇಷ್ಟು ದಿನ ನುಂಗಿಕೊಂಡಿದ್ದನ್ನು ಅಂದಳು.

"ಅವರು ನಿಮ್ಮನ್ನ ನಂಬಿ ಬರ್ತಾರ. ನೀವು ಏನನ್ನ ನಂಬಿ ಕರ್ಕೊಂಡು ಹೋಗ್ತೀರಿ?"

ಇನಾಸ ಸಿಟ್ಟಾದ. ಸಾಹುಕಾರರೇ ಬಾ ಅನ್ನುವಾಗ ನಿನ್ನದೇನು ಎಂದು ಕೂಗಾಡಿ ಎದ್ದುಹೋದ. ಅಂಗಳದ ಕಟ್ಟೆಯ ಮೇಲೆ ಕೂತವನಿಗೆ ತನ್ನ ಸಿಟ್ಟಿನ ಮೇಲೆಯೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಕ್ಯಾಂಪಿನ ಅಂಗಳ ತುಂಬಿತ್ತು. ಮಕ್ಕಳು ಇನಾಸನನ್ನು ಕಂಡದ್ದೇ ಸುತ್ತ ನೆರೆದವು. ರುದ್ರೇಶ ಕಂಕುಳಿಗೆ ಕೋಲು ಕೊಟ್ಟು ನಿಂತು, ಕಾಕಾ ನಿಮ್ಮ ಜೊತೆಗಿದ್ದರೆ ಹೆದರಿಕೆಯೇ ಬೇಡ ಎಂದು ಶುರು ಮಾಡಿದ. ಇನಾಸ ಚೀಲವನ್ನು ಹೆಗಲಿಂದ ಇಳಿಸಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: ಆ ಕಥೆ ಸುಳ್ಳು, ಒಂದೇ ಏಟಿಗೆ ಹತ್ತಲಿಲ್ಲ. ತನ್ನ ಬಲಗೈಯಲ್ಲಿ ಕಡ್ಡಿಯೂ ನಿಲ್ಲುವುದಿಲ್ಲ. ಲೈಟರು ಬೇಡ ಎಂದವನೂ ತಾನೇ, ಅದರಿಂದ ಸಾಹುಕಾರರ ಜೀವ ಹೋಗುವುದರಲ್ಲಿತ್ತು. ಇವತ್ತು ಮಕ್ಕಳನ್ನು ಕರೆದುಕೊಂಡು ಹೋಗಲು ತನ್ನಿಂದಾಗದು, ಕೆವಿನ್ ಬರುತ್ತಾನೆ.

ರುದ್ರೇಶನ ಮುಖ ಕೆಂಪೇರಿತು. ಮಂದಿಯ ಮುಂದೆ ಸುಳ್ಳುಗಾರನಾದದ್ದು ಅವನು. ಕುಂಟುತ್ತ ಇನಾಸನನ್ನು ಅಡುಗೆಮನೆಯ ಹಿಂದಕ್ಕೆ ಕರೆದು, ನನಗೊಬ್ಬನಿಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ, ಇಷ್ಟು ಜನರ ಮುಂದೆ ನನ್ನ ಮಾನ ಕಳೆಯಬೇಕಿತ್ತೇ ಎಂದು ಹಲ್ಲು ಕಚ್ಚಿ ಕೇಳಿದ.

"ನಿಮಗ ಗೊತ್ತಿತ್ತಲ್ರಿ ಸಾವಕಾರ್ರ," ಎಂದ ಇನಾಸ. "ಗೊತ್ತಿದ್ದೂ ಕಳಸಾಕ ನಿಂತಿದ್ರಿ."

ರುದ್ರೇಶ ಕೋಲೂರಿ ಅಡುಗೆಮನೆಯೊಳಗೆ ಹೋದ. ಒಲೆಯ ಪಕ್ಕದ ಗೂಡಿನಲ್ಲಿ ಲೈಟರುಗಳಿದ್ದವು. ಅವನ್ನೆಲ್ಲ ಬಾಚಿ ತಂದು ಕೆವಿನ್‌ನ ಕೈಗೆ ಸುರಿದ.

ಬಂದವರಲ್ಲಿ ಪಾಳಾ ಊರಿನ ಪೂರ್ಣಿಮಾ ಎಂಬ ಟೀಚರಮ್ಮ ಇದ್ದಳು. ಹಾಗಾದರೆ ಕಾಡಿನಲ್ಲಿ ಹೆಚ್ಚುಕಡಿಮೆಯಾದರೆ ಬೆಂಕಿ ಹಚ್ಚುವವರು ಯಾರು ಎಂದು ಕೇಳಿದಳು, ಸಿಟ್ಟಿನಿಂದಲೇ ಕೇಳಿದಳು. ನೀವೇ, ಎಲ್ಲರೂ ಕೂತುಕೊಳ್ಳಿ ಎಂದ ಇನಾಸ. ಲೈಟರು, ಮೇಣ ಸವರಿದ ಅಡುಗೆಮನೆಯ ಸಾದಾ ಕಡ್ಡಿ, ಚಕಮಕಿ ಮೂರನ್ನೂ ಮುಂದಿಟ್ಟು, ಯಾವುದು ಯಾರ ಕೈಗೆ ಒಗ್ಗುತ್ತದೆ ನೋಡಿದ. ಬಲಗೈಯಿಂದ ಆದವರಿಗೆ ಎಡಗೈಯಿಂದಲೂ ಮಾಡಿಸಿದ. ಹೊರಡುವುದು ತಡವಾಯಿತೆಂದು ಕ್ಯಾತೆ ತೆಗೆದ ಗಂಡಸರನ್ನು ಗದರಿಸಿ ಕೂರಿಸಿದ. ಹತ್ತಿಸಲು ಬಾರದವರು ಒಬ್ಬರೂ ಉಳಿಯದ ಮೇಲೆಯೇ ಎದ್ದ. ಬಾವಲಿ ಬಂಡೆ ಬೇಡ, ಮೊದಲ ಹಳ್ಳದ ಈಚೆಗೇ ತಿರುಗಿ ಬನ್ನಿ ಎಂದು ಕೆವಿನ್‌ಗೆ ತಾಕೀತು ಮಾಡಿದ. ಅವರು ಸಾಲಾಗಿ ಮರಗಳ ನಡುವೆ ಹೋದರು.

ಮಧ್ಯಾಹ್ನವಾದ ಮೇಲೆ ಪಡುವಣಕ್ಕೆ ಮತ್ತೆ ಮೋಡ ಕಟ್ಟಿತು. ಇನಾಸ ಗೇಟಿನ ಹತ್ತಿರದ ಕಲ್ಲಿನ ಮೇಲೆ ಕೂತವನು ಎದ್ದ, ಕೂತ, ಮತ್ತೆ ಎದ್ದ. ಜೀವಮಾನದಲ್ಲಿ ಅವನು ಕಾಡಿನ ಒಳಗಿದ್ದವನೇ ಹೊರತು ಹೊರಗೆ ಕೂತು ಯಾರಿಗೂ ಕಾದವನಲ್ಲ. ಕೆವಿನ್‌ನ ಕಾಲು ಗಟ್ಟಿ, ದಾರಿ ಸಲೀಸು, ಎಲ್ಲರ ಚೀಲದಲ್ಲೂ ಬೆಂಕಿ ಇದೆ ಎಂದು ತನಗೆ ತಾನೇ ಹೇಳಿಕೊಂಡ. ಅಡುಗೆಮನೆಯಿಂದ ಬಂದ ಚಹಾ ಹಾಗೆಯೇ ಆರಿತು. ರುದ್ರೇಶ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾಳೆ ಬಾ ಅಂತಲೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ.

ಹೊತ್ತಿಳಿದರೂ ಗಂಡ ಮನೆಗೆ ಬಾರದ್ದು ನೋಡಿ ರುಕ್ಮಾ ಗುಡ್ಡ ಇಳಿದು ಬಂದಳು. ಅವನ ಮುಖ ನೋಡಿದ್ದೇ ಊಟದ ಮಾತು ಎತ್ತದೆ ಪಕ್ಕದಲ್ಲಿ ಕೂತಳು. ಇನಾಸ ಹಾದಿಯಿಂದ ಕಣ್ಣು ಕೀಳದೆ ಕೇಳಿದ.

"ನಾ ಒಳಗ ಹೋದಾಗೆಲ್ಲಾ ನೀ ಹಿಂಗ ಕುಂತಿರ್ತಿದ್ದೇನು?"

ರುಕ್ಮಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೊದಲ ಹನಿಗಳು ಬೀಳತೊಡಗಿದ್ದವು.

"ಒಂದ ದಿನಕ್ಕ ಸಾಕಾತೇನ್ರಿ?" ಎಂದಳು.

ಹಾದಿಯಲ್ಲಿ ಇನ್ನೂ ಯಾರೂ ಕಾಣುತ್ತಿರಲಿಲ್ಲ.